ಕೂಸು ಕಂಕುಳಲ್ಲಿದ್ದರೆ ಯಾರೂ ಕೇಳುವುದಿಲ್ಲ

ಮಗು ಎತ್ತಿಕೊಂಡು ಬಸ್ಸಿನಲ್ಲಿ ಓಡಾಡುವುದು ಬಲು ಕಷ್ಟ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆನ್ನುವವರು ಒಂದೋ ಗಂಡಸರು, ಇಲ್ಲವೇ ಮನೆ ಮುಂದೆ ಕಾರು ನಿಲ್ಲಿಸಿಕೊಂಡವರು. ಕಷ್ಟ ಇದ್ದದ್ದು ಮಗು ಇಲ್ಲದಾಗ. ಮದುವೆಯಾಗಿ ಅನುಗೊಂಡನಹಳ್ಳಿ ಕಡೆಯ ಈ ಊರಿಗೆ ಬಂದ ಮೇಲೆ, ಹೊಸಕೋಟೆಗೆ ಹೋಗಿ ಒಂದು ರವಿಕೆ ಹೊಲಿಯಲು ಕೊಟ್ಟು ಬರಬೇಕೆಂದರೂ ಅತ್ತೆಯ ಮುಂದೆ ಕೋರ್ಟಿನಲ್ಲಿ ನಿಂತ ಹಾಗೆ ನಿಲ್ಲಬೇಕಿತ್ತು. ಎಲ್ಲಿಗೆ, ಯಾಕೆ, ಯಾರ ಜೊತೆ, ಇಲ್ಲೇ ಸಿಗಲ್ವಾ, ನಾಳೆ ಹೋದ್ರಾಗಲ್ವಾ. ಎಲ್ಲದಕ್ಕೂ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ನನ್ನ ಗಂಡ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ಅಲ್ಲಿ ಲಾರಿ ಡ್ರೈವರುಗಳ ಮೇಲೆಲ್ಲ ರೇಗಾಡಿ ಬರುವವರು ಮನೆಯಲ್ಲಿ ಮಾತ್ರ, "ಅಮ್ಮನ್ನ ಒಂದ್ಮಾತು ಕೇಳ್ಬಿಡು" ಎಂದು ಟೀವಿಯ ಸೌಂಡು ಜಾಸ್ತಿ ಮಾಡುತ್ತಿದ್ದರು.

ಮಗಳು ಹುಟ್ಟಿದಳು ನೋಡಿ, ಅಷ್ಟೂ ಪ್ರಶ್ನೆಗಳು ಮಾಯವಾಗಿ ಒಂದೇ ಉಳಿಯಿತು. "ಟೋಪಿ ಹಾಕಿದ್ಯೇನೇ?"

ಹಾಕಿದೀನಿ ಅತ್ತೆ. ಕಿವಿಗೆ ಹತ್ತಿ ಇಟ್ಟಿದೀನಿ. ಕೆನ್ನೆಗೆ, ಅಂಗಾಲಿಗೆ ಕಾಡಿಗೆ ಹಚ್ಚಿದೀನಿ. ಬ್ಯಾಗಿನಲ್ಲಿ ಬೇವಿನ ಸೊಪ್ಪು ಇದೆ. ಇಷ್ಟು ಒಪ್ಪಿಸಿದರೆ ಮುಗಿಯಿತು, ನಾನು ಎಲ್ಲಿಗೆ ಹೋಗುತ್ತೇನೆ ಎನ್ನುವುದು ಯಾರಿಗೂ ಬೇಕಾಗಿರಲಿಲ್ಲ. ಮಗುವನ್ನು ಹೊತ್ತುಕೊಂಡು ಹೋಗಲು ಕೈ ಎರಡು ಬೇಕಲ್ಲ, ಆ ಕೈಗಳ ಹಿಂದೆ ನಾನಿದ್ದೆ, ಅಷ್ಟೇ.

ಬಸ್ಸಿನ ಜನರೇನೂ ದೇವರಲ್ಲ. ಹೆಂಗಸರಿಗೆ ಟಿಕೆಟ್ಟು ಫ್ರೀ ಆದಾಗಿನಿಂದ ನಮ್ಮನ್ನು ನೋಡುವ ನೋಟವೇ ಬೇರೆಯಾಗಿದೆ. "ಕೆಲ್ಸ ಇರ್ಲಿ ಬಿಡ್ಲಿ, ಹತ್ಕೊಂಡ್ ಬಂದ್ಬಿಡ್ತಾರೆ ಗುರು," ಎಂದು ನನ್ನ ಕಿವಿಗೆ ಬೀಳಲೆಂದೇ ಹೇಳಿದವರನ್ನು ಕಂಡಿದ್ದೇನೆ. ಅದೇ ಮಹಾಶಯರು ಮಗು ಎತ್ತಿಕೊಂಡು ಹತ್ತಿದರೆ ಎದ್ದು ನಿಂತು, "ಕೂತ್ಕಳಮ್ಮ, ಕೂತ್ಕಳಮ್ಮ" ಎನ್ನುತ್ತಾರೆ. ಮರ್ಯಾದೆ ಮಗುವಿಗೆ, ಸೀಟು ನನಗೆ. ನಾನು ಥ್ಯಾಂಕ್ಸ್ ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸರಂತೂ, ಕಾಲಿಗೆ ಸಾಕ್ಸ್ ಎಲ್ಲಿ, ಇಷ್ಟು ಸಣ್ಣಗಿದೆಯಲ್ಲ ಹಾಲು ಸಾಲ್ತಿಲ್ವಾ, ಕಿಟಕಿ ಹಾಕು ಎಂದು ತಲೆ ತಿನ್ನುತ್ತಿದ್ದರು. ತಿನ್ನಲಿ. ಕೂತುಕೊಂಡು ಬೈಸಿಕೊಳ್ಳುವುದು ನಿಂತುಕೊಂಡು ಬೈಸಿಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಇಷ್ಟೆಲ್ಲ ಅನುಕೂಲ ನನಗೆ ಬೇಕಾಗಿದ್ದದ್ದು ಒಂದೇ ಕಾರಣಕ್ಕೆ. ನನ್ನ ಅಕ್ಕ ನನ್ನ ಮಗಳನ್ನು ಒಂದು ಸಲ ಎತ್ತಿಕೊಳ್ಳಬೇಕಿತ್ತು.

ಅಕ್ಕನನ್ನು ಗಂಡ ಹೊಡೆಯುತ್ತಿದ್ದ. ಮೂರು ಸಲ ತವರಿಗೆ ಓಡಿ ಬಂದಳು, ಮೂರು ಸಲವೂ ನಮ್ಮಪ್ಪ ಅಮ್ಮ ಬುದ್ಧಿ ಹೇಳಿ ವಾಪಸ್ಸು ಕಳಿಸಿದರು. ನಾಲ್ಕನೇ ಸಲ ಅವಳು ತವರಿಗೆ ಬರಲೇ ಇಲ್ಲ. ಹೊಸಕೋಟೆಯಲ್ಲಿ ಒಂದು ರೂಮು ಹಿಡಿದು, ಪಿಲ್ಲಗುಂಪೆಯ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿಕೊಂಡಳು. ಅಷ್ಟಕ್ಕೇ ಎರಡೂ ಮನೆಯವರ ಮಾನ ಹೋಯಿತು. ಹೊಡೆದವನ ಮಾನ ಎಲ್ಲೂ ಹೋಗಲಿಲ್ಲ, ಅವನು ಈಗಲೂ ಮದುವೆ ಮುಂಜಿಗಳಲ್ಲಿ ಮುಂದಿನ ಸಾಲಿನಲ್ಲಿ ಊಟಕ್ಕೆ ಕೂರುತ್ತಾನೆ.

ನನ್ನ ಮಗಳ ನಾಮಕರಣಕ್ಕೆ ಅಕ್ಕನನ್ನು ಕರೆಯುತ್ತೇನೆ ಎಂದಾಗ ಅತ್ತೆ ನನ್ನ ತಾಯಿಯ ಎದುರಿಗೇ ಹೇಳಿದರು. "ಗಂಡನ್ನ ಬಿಟ್ಟೋಳು, ಹೊಟ್ಟೇಲಿ ಒಂದು ಹುಟ್ಲಿಲ್ಲ. ಅಂಥೋರ ಕಣ್ಣು ಕೂಸಿನ ಮೇಲೆ ಬೀಳ್ಬಾರ್ದು. ಈ ಮನೇಲಿ ಅವಳ ಸುದ್ದಿ ಎತ್ಬೇಡ." ನನ್ನ ತಾಯಿ ತಲೆ ತಗ್ಗಿಸಿ ಹೌದೆನ್ನುವಂತೆ ಕೂತಿದ್ದರು. ಅವತ್ತು ಅತ್ತೆಯ ಮೇಲೆ ಬಂದ ಸಿಟ್ಟಿಗಿಂತ ತಾಯಿಯ ಮೇಲೆ ಬಂದ ಸಿಟ್ಟೇ ದೊಡ್ಡದು. ಅಕ್ಕ ಮಗುವನ್ನು ನೋಡಿದ್ದು ಮೊಬೈಲಿನಲ್ಲಿ ಮಾತ್ರ, ಅದೂ ನಾನು ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿಗೆ ಹೋದಾಗ.

ಅಲ್ಲಿಯವರೆಗೆ ಮಗು ಎತ್ತಿಕೊಂಡ ನನ್ನ ಓಡಾಟ ಅನುಗೊಂಡನಹಳ್ಳಿ ದಾಟಿರಲಿಲ್ಲ, ಹೊಸಕೋಟೆಗೆ ದಾರಿ ತೆರೆದುಕೊಟ್ಟವರು ಅತ್ತೆಯೇ. ಅಂಗನವಾಡಿಯಲ್ಲಿ ಮಗುವಿನ ತೂಕ ಕಮ್ಮಿ ಎಂದುಬಿಟ್ಟರು. ಅತ್ತೆಗೆ ಅವಮಾನವಾಯಿತು. "ಆ ತಕ್ಕಡಿಗೆ ಬೆಂಕಿ ಹಾಕ! ನನ್ ಕೈಲಿ ನೀರು ಹಾಕ್ಸ್ಕೊಂಡ ಕೂಸು ತೂಕ ಕಮ್ಮಿ ಇರುತ್ತಾ? ಹೊಸಕೋಟೆ ಡಾಕ್ಟ್ರ ಹತ್ರ ತೂಗಿಸ್ಕೊಂಡ್ ಬಾ ಹೋಗು," ಎಂದರು. ಅಕ್ಕನಿಗೆ ಆ ವಾರ ಸೆಕೆಂಡ್ ಶಿಫ್ಟು, ಮಧ್ಯಾಹ್ನದವರೆಗೆ ರೂಮಿನಲ್ಲೇ ಇರುತ್ತಾಳೆ. ನಾನು ಮುಖ ಗಂಟಿಕ್ಕಿಕೊಂಡೇ, "ಆಯ್ತು ಅತ್ತೆ" ಎಂದೆ. ನಕ್ಕಿದ್ದರೆ ಅನುಮಾನ ಬರುತ್ತಿತ್ತು.

ಡಾಕ್ಟರ ಹತ್ತಿರ ತೂಗಿಸಿದ್ದು ಸುಳ್ಳಲ್ಲ. ತೂಕ ಸರಿಯಾಗೇ ಇತ್ತು. ಅಲ್ಲಿಂದ ನೇರವಾಗಿ ಅಕ್ಕನ ರೂಮಿಗೆ ಹೋದೆ. ಎರಡನೇ ಮಹಡಿ, ಕಡಿದಾದ ಮೆಟ್ಟಿಲು. ಬಾಗಿಲು ತೆರೆದವಳು ನನ್ನನ್ನು ನೋಡಲಿಲ್ಲ, ಮಗುವನ್ನು ನೋಡಿದಳು. ನೋಡಿ, ಒಳಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದಳು. ಟವೆಲಿನಲ್ಲಿ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ನಿಂತಳು.

"ಎತ್ಕೊಳೇ ಅಕ್ಕಾ."

"ಬೇಡ ಕಣೇ. ಇಲ್ಲಿಂದಾನೇ ನೋಡ್ತೀನಿ. ನಾಳೆ ಮಗೂಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ ತಲೆಗೆ ಕಟ್ತಾರೆ."

ನನಗೆ ತಡೆಯಲಾಗದ ಸಿಟ್ಟು ಬಂತು. ಊರವರು ಆಡಿದ್ದು ಸಾಲದೆಂದು ಇವಳೂ ಅದನ್ನೇ ನಂಬಿ ಕೂತಿದ್ದಳು! "ನಾನೇನು ಪ್ರದರ್ಶನಕ್ಕೆ ತಂದಿದೀನಾ? ಮುಚ್ಕೊಂಡು ಎತ್ಕೊ, ನನ್ ಕೈ ನೋಯ್ತಿದೆ," ಎಂದು ಮಗುವನ್ನು ಅವಳ ಎದೆಗೆ ಒತ್ತಿಬಿಟ್ಟೆ. ಬೀಳಿಸುವಂತಿಲ್ಲ, ಹಿಡಿಯಲೇಬೇಕು. ಹಿಡಿದಳು. ಮಗಳು ಅವಳ ಮೂಗನ್ನು ಹಿಡಿದು ಎಳೆದಳು. ಅಕ್ಕ ಅಳಲಿಲ್ಲ, ಅಳುವವಳಲ್ಲ ಅವಳು. ಇಡೀ ರೂಮು ಸುತ್ತಾಡಿಸಿ ತೋರಿಸಿದಳು, ಇದು ಫ್ಯಾನು, ಇದು ಗ್ಯಾಸು, ಇದು ನಿಮ್ಮ ದೊಡ್ಡಮ್ಮನ ಫ್ಯಾಕ್ಟರಿ ಬಟ್ಟೆ ಎಂದು. ನಾನು ಅವಳು ಮಾಡಿಟ್ಟಿದ್ದ ಉಪ್ಪಿಟ್ಟು ತಿಂದೆ. ಮಗು ಹುಟ್ಟಿದ ಮೇಲೆ ಎರಡೂ ಕೈ ಖಾಲಿ ಇಟ್ಟುಕೊಂಡು ತಿಂದದ್ದು ಅದೇ ಮೊದಲು.

ಹೊರಡುವಾಗ ಅಕ್ಕ ಕೊಬ್ಬರಿ ಎಣ್ಣೆಯ ಬಾಟಲು ತಂದಳು. ಮಗು ಮೊದಲನೇ ಸಲ ಯಾರ ಮನೆಗೆ ಬಂದರೂ ತಲೆಗೆ ಎಣ್ಣೆ ಇಟ್ಟು, ಬಾಯಿಗೆ ಸಕ್ಕರೆ ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಹಾಗೆ ಕಳಿಸದಿದ್ದರೆ ಆ ಮನೆಯವರು ನಮ್ಮವರಲ್ಲ ಎಂದ ಹಾಗೆ.

"ಬೇಡ ಅಕ್ಕ. ನಮ್ಮನೇಲಿ ಹರಳೆಣ್ಣೆ ಹಾಕೋದು. ಇದು ಘಮ್ಮನ್ನುತ್ತೆ, ಗೊತ್ತಾಗ್ಬಿಡುತ್ತೆ."

ಅವಳು ಬಾಟಲಿನ ಮುಚ್ಚಳ ತಿರುಗಿಸಿ ಹಾಕಲು ಹೊರಟಳು. ಆ ಮುಚ್ಚಳ ಮೂರು ಸುತ್ತು ಸುತ್ತುವಷ್ಟರಲ್ಲಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ನಾಮಕರಣಕ್ಕೆ ಕರೆಯದವರ ಸಾಲಿಗೆ ನಾನೂ ಸೇರಿಕೊಳ್ಳುತ್ತಿದ್ದೆ.

"ಇಡೇ, ಏನಾಗುತ್ತೋ ಆಗ್ಲಿ," ಎಂದೆ. ನೆತ್ತಿಗೆ ಧಾರಾಳವಾಗಿ ಎಣ್ಣೆ ಇಟ್ಟಳು.

ಬಸ್ಸಿನಲ್ಲಿ ಬಟ್ಟೆಯಿಂದ ಒರೆಸಿದೆ. ಒರೆಸಿದಷ್ಟೂ ಘಮ ಜಾಸ್ತಿಯಾಯಿತು. ಮನೆಗೆ ಬಂದಾಗ ಅತ್ತೆ ತೋಟದ ಕಡೆ ಹೋಗಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು, ತೂಕ ಸರಿಯಿದೆ ಎಂದು ಕೇಳಿ ಹಿಗ್ಗಿ, ಮಗುವನ್ನು ಎತ್ತಿಕೊಂಡು ನೆತ್ತಿಗೆ ಮೂಗಿಟ್ಟರು.

"ಇದ್ಯಾವ ಎಣ್ಣೆ?"

ಡಾಕ್ಟರ ಹತ್ತಿರ ಯಾರೋ ಅಜ್ಜಿ ಹಚ್ಚಿದರು ಎನ್ನಬಹುದಿತ್ತು. ಬಾಯಿಗೆ ಬರಲಿಲ್ಲ. "ಅಕ್ಕ ಇಟ್ಟಿದ್ದು," ಎಂದೆ.

ಅತ್ತೆ ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ತಯಾರಾಗೇ ಇದ್ದೆ. ಅವರು ಸುಮ್ಮನೆ ಹೋಗಿ ಬಚ್ಚಲ ಹಂಡೆಗೆ ಉರಿ ಹಾಕಿದರು. ಹೊತ್ತು ಮುಳುಗಿದ ಮೇಲೆ ಕೂಸಿನ ತಲೆಗೆ ನೀರು ತಾಗಬಾರದು ಎಂದು ನನಗೆ ಕಲಿಸಿದವರು ಅವರೇ. ಅದೇ ಕೈಯಲ್ಲಿ ಸೀಗೆಪುಡಿ ಹಾಕಿ ಉಜ್ಜಿದರು. ಒಂದು ಸಲ ತೊಳೆದು, ಮೂಸಿ, ಮತ್ತೊಂದು ಸಲ ತೊಳೆದರು. ಮಗು ಕಿರುಚಿ ಕಿರುಚಿ ಕೆಂಪಾಯಿತು. ಬಾಗಿಲಲ್ಲಿ ನಿಂತು, "ಸಾಕು ಕೊಡಿ" ಎಂದು ನಾನು ಬೇಡಿದೆ. ಕೊಡಲಿಲ್ಲ. ಕೆಲಸದಿಂದ ಬಂದ ಗಂಡ ಶೂ ಬಿಚ್ಚುತ್ತಾ, "ಅಮ್ಮ ಹೇಳ್ದಂಗೆ ಕೇಳ್ಕೊಂಡು ಇರಕ್ಕೇನು ನಿಂಗೆ?" ಎಂದರು. ಆ ರಾತ್ರಿ ಅವರಿಗೆ ನಾನು ಅನ್ನ ಬಡಿಸಲಿಲ್ಲ.

ಬೆಳಗ್ಗೆ ಮಗುವಿಗೆ ಮೂಗು ಕಟ್ಟಿ, ಗೊರಗೊರ ಸದ್ದು. ನಾನು ಟೋಪಿ ಹಾಕಿದೆ, ಹತ್ತಿ ಇಟ್ಟೆ, ಕಾಡಿಗೆ ಹಚ್ಚಿದೆ, ಬೇವಿನ ಸೊಪ್ಪು ತೆಗೆದುಕೊಂಡೆ. ಅತ್ತೆ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಮಗೂಗೆ ಶೀತ ಆಗಿದೆ. ಹೊಸಕೋಟೆಗೆ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡು, ಅಕ್ಕನ ಮನೆಗೂ ಹೋಗ್ಬರ್ತೀನಿ."

ಅವರ ಕೈ ನಿಂತಿತು. ಶೀತ ಯಾಕೆ ಆಯಿತು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಬೇಡ ಎಂದು ಬಾಯಿ ತೆರೆದಿದ್ದರೆ ನಾನು ಅದನ್ನು ಬೀದಿಯಲ್ಲಿ ನಿಂತು ಹೇಳುತ್ತಿದ್ದೆ. ಅವರು ಬಾಯಿ ತೆರೆಯಲಿಲ್ಲ. ಟೋಪಿ ಹಾಕಿದ್ಯಾ ಎಂದೂ ಕೇಳಲಿಲ್ಲ.

ಡಾಕ್ಟರು ಸಣ್ಣ ಶೀತ, ಹೆದರಬೇಡಿ ಎಂದು ಮೂಗಿಗೆ ಡ್ರಾಪ್ಸ್ ಬರೆದುಕೊಟ್ಟರು. ಅಕ್ಕ ಬಾಗಿಲು ತೆರೆದು ಗಾಬರಿಯಾದಳು. ನಾನು ಕೂತು ಉಸಿರು ಬಿಟ್ಟು, "ಎಣ್ಣೆ ತಗೊಂಡ್ ಬಾ," ಎಂದೆ.

"ನಿನ್ನೆ ಇಟ್ನಲ್ಲೇ. ಅದು ಮೊದಲನೇ ಸಲಕ್ಕೆ ಮಾತ್ರ."

"ತೊಳ್ದುಬಿಟ್ರು. ಅಂದ್ಮೇಲೆ ಇದೇ ಮೊದಲನೇ ಸಲ."

ಅವಳು ಶೀತ ಇದೆಯಲ್ಲ ಎಂದು ಎಣ್ಣೆಯನ್ನು ಸೌಟಿನಲ್ಲಿ ಬೆಚ್ಚಗೆ ಮಾಡಿ ತಂದು, ಒಂದೇ ಬೆರಳಿನಲ್ಲಿ ನೆತ್ತಿಗೆ ಇಟ್ಟಳು.

ಮನೆಗೆ ಬಂದು ಮಗುವನ್ನು ಅತ್ತೆಯ ತೊಡೆಯ ಮೇಲೆ ಮಲಗಿಸಿದೆ. "ಮೂಸಿ ನೋಡಿ ಅತ್ತೆ. ಹಂಡೆಗೆ ಉರಿ ಹಾಕ್ಲಾ?" ಎಂದೆ. ಶೀತವಾದ ಕೂಸಿನ ತಲೆಗೆ ನೀರು ಹಾಕುವ ಹಾಗಿಲ್ಲ, ಅದೂ ಅವರದೇ ಕಟ್ಟಳೆ. ಅವರು ಮಗುವಿನ ಮೂಗು ಒರೆಸಿ, ನನ್ನ ಕಡೆ ತಿರುಗಿಯೂ ನೋಡದೆ ತೊಟ್ಟಿಲಿಗೆ ಹಾಕಿದರು. ಆಮೇಲೆ ಎಷ್ಟೋ ದಿನ ನಾವಿಬ್ಬರೂ ಮಾತಾಡಲಿಲ್ಲ. ನಾನು ಮಾತ್ರ ಮಗು ಎತ್ತಿಕೊಂಡು ಹೊಸಕೋಟೆಗೆ ಹೋಗುವುದನ್ನು ಬಿಡಲಿಲ್ಲ. ಹೋದಾಗಲೆಲ್ಲ ಅಕ್ಕ ಎಣ್ಣೆ ಇಟ್ಟಳು, ಪದ್ಧತಿ ಗಿದ್ಧತಿ ನೋಡದೆ.

ಈಗ ಮಗಳು ನಡೆಯುತ್ತಾಳೆ. ಮುಡಿ ತೆಗೆಸಿದ ಮೇಲೆ ಕೂದಲು ದಟ್ಟವಾಗಿ ಬಂದಿದೆ. ಅತ್ತೆ ಆವತ್ತು ಮಾಡಿದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಮೊನ್ನೆ ಪಕ್ಕದ ಮನೆಯಾಕೆ ಜಗುಲಿಯಲ್ಲಿ ಕೂತು, "ಏನೆಣ್ಣೆ ಹಾಕ್ತೀರಮ್ಮ ಈ ಮಗೂಗೆ? ಕೂದ್ಲು ನೋಡು ಹೆಂಗಿದೆ!" ಎಂದು ಅತ್ತೆಯನ್ನು ಕೇಳಿದರು. ನಾನು ಅಡುಗೆಮನೆಯಲ್ಲಿ ರುಬ್ಬುತ್ತಿದ್ದ ಮಿಕ್ಸಿ ನಿಲ್ಲಿಸಿದೆ.

"ನಂಗೇನ್ ಗೊತ್ತು," ಎಂದರು ಅತ್ತೆ ಸಿಡುಕಿಕೊಂಡು. ಆಮೇಲೆ ತಾವೇ, "ಅವರ ದೊಡ್ಡಮ್ಮ ಹಾಕೋದು," ಎಂದರು.

ತಾರಸಿಗೆ ಹೋಗಿ ಅಕ್ಕನಿಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಮಷೀನುಗಳ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

"ಲೈನಲ್ಲಿದೀಯೇನೇ?"

"ಇದೀನಿ," ಎಂದಳು ಅಕ್ಕ. "ಇನ್ನೊಂದ್ಸಲ ಹೇಳು. ಏನಂದ್ರು ನನ್ನ?"