ಗುರುಬಸಮ್ಮನ ಹವಾ ಬದಲಾವಣೆ

ಟಂಯ್, ಟಂಯ್, ಟಂಯ್. ಪಕ್ಕದ ಅಂಗಳದಲ್ಲಿ ಮೌಲಾಹುಸೇನ ಹತ್ತಿ ಹಿಂಜುವ ಬಿಲ್ಲಿನ ಸದ್ದು. ದೀಪಾವಳಿ ಮುಗಿದು ಕೊಟ್ಟೂರಿನಲ್ಲಿ ಚಳಿ ಕಾಲಿಟ್ಟಿತೆಂದರೆ ಗಾದಿ ಹೊಲಿಸುವವರು ಅವನ ಮನೆ ಮುಂದೆ ಸಾಲುಗಟ್ಟುತ್ತಾರೆ. ಊರನ್ನು ಬೆಚ್ಚಗಿಡುವ ಆ ಸದ್ದು ಗುರುಬಸಮ್ಮನ ಎದೆಯಲ್ಲಿ ಮಾತ್ರ ಗೊರಗೊರ ಎಬ್ಬಿಸುತ್ತಿತ್ತು. ಹತ್ತಿಯ ಧೂಳೋ, ಚಳಿಯೋ, ಎರಡೂ ಸೇರಿಯೋ, ಅಲ್ಲಿಂದ ಶಿವರಾತ್ರಿಯವರೆಗೆ ದಮ್ಮು ಆಕೆಯನ್ನು ಮಲಗಗೊಡುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ.

“ಬಾಯಾರ, ಕಿಟಕಿ ಹಾಕ್ಕೊಳ್ರಿ, ಹತ್ತಿ ಬಿಚ್ಚಾಕತ್ತೀನಿ,” ಎಂದು ಮೌಲಾಹುಸೇನ ಕೂಗಿ ಹೇಳಿಯೇ ಕೆಲಸಕ್ಕೆ ಕೂರುತ್ತಿದ್ದ. ನೆರೆಯವನಿಗಿದ್ದ ಈ ಕಾಳಜಿ ಮನೆಯವರಿಗೆ ಇಲ್ಲವಲ್ಲ ಎಂದು ತೊಂಬತ್ತೆಂಟರ ಆ ಚಳಿಗಾಲದಲ್ಲಿ ಆಕೆಗೆ ಅನ್ನಿಸಿದ್ದಕ್ಕೆ ಕಾರಣವಿತ್ತು.

ಗುರುಬಸಮ್ಮ ಮೂವತ್ತೊಂದು ವರ್ಷ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಒಂದು ಊರಿನ ಮಾತನ್ನು ಇನ್ನೊಂದು ಊರಿಗೆ ಜೋಡಿಸಿದವಳು. ಅಪ್ಪ ತೀರಿಕೊಂಡಾಗ ತಮ್ಮ ಸೋಮಶೇಖರ ಇನ್ನೂ ಹೈಸ್ಕೂಲಿನಲ್ಲಿದ್ದ. ಅವನನ್ನು ಓದಿಸಿ, ಬಜಾರಿನಲ್ಲಿ ಬಟ್ಟೆ ಅಂಗಡಿ ಹಾಕಿಸುವ ಹೊತ್ತಿಗೆ ಆಕೆಯನ್ನು ಹೆಣ್ಣು ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ಅದನ್ನು ಆಕೆ ಯಾರ ಮುಂದೆಯೂ ಆಡಿದವಳಲ್ಲ.

ಆ ಕಾಲದಲ್ಲಿ ಊರಿನ ಉಪ್ಪಿನ ವ್ಯಾಪಾರಿಗಳು ಕುಮಟಾಕ್ಕೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ಲೈನು ಸಿಕ್ಕು, ಆ ತುದಿಯ ಸಾಹುಕಾರ ಫೋನೆತ್ತುವವರೆಗೆ ಎರಡು ಊರಿನ ಆಪರೇಟರುಗಳು ಎರಡು ಮಾತಾಡಿಕೊಳ್ಳುವರು. ಅವರಿಗೆ ಊರೇ ಹೆಸರು.

“ಕೊಟ್ಟೂರು, ಚಳಿ ಎಷ್ಟಿದೆ?”

“ಬೆರಳು ಸೆಟೆದು ಹೋಗ್ಯಾವ ಕುಮಟಾ. ನಿಮ್ಮಲ್ಲಿ?”

“ಅಯ್ಯೋ, ಇಲ್ಲಿ ಸೆಕೆ ಮಾರಾಯ್ತಿ. ಫ್ಯಾನಿನ ಬುಡದಲ್ಲಿ ಕೂತಿದ್ದೇನೆ.”

ಡಿಸೆಂಬರಿನಲ್ಲಿ ಸೆಕೆ! ಗುರುಬಸಮ್ಮನಿಗೆ ಅದು ಬೇರೆ ಲೋಕದ ಸುದ್ದಿಯಂತೆ ಕೇಳಿಸುತ್ತಿತ್ತು. ಇಪ್ಪತ್ತೆರಡು ವರ್ಷ ಕೇಳಿದ ಮೇಲೆ, ನಿವೃತ್ತಿಯಾದ ಮರುವರ್ಷ, ಆ ದನಿಯ ಒಡತಿಯನ್ನು ನೋಡಲು ಹೋದಳು. ಎಂಟು ದಿನ ಅಲ್ಲಿದ್ದಳು. ಎಂಟು ದಿನವೂ ಅಂಗಾತ ಮಲಗಿ ನಿದ್ದೆ ಮಾಡಿದಳು. ಅವರ ಮನೆಯ ಹಿಂದೆ ಬೇರೆ ಬಾಗಿಲಿನ ಒಂದು ಕೋಣೆ ಇತ್ತು, ಸಮುದ್ರ ಕೂಗಳತೆಯಲ್ಲಿ. ಬರುವ ಚಳಿಗಾಲದಿಂದ ಅದು ನನಗಿರಲಿ ಎಂದು ಹೇಳಿ ಬಂದಳು.

ಮನೆಯಲ್ಲಿ ಹೇಳಿದ್ದೇ ತಡ, ಎಲ್ಲರಿಗೂ ಬಾಯಿ ಬಂತು.

“ಉಪ್ಪಿನ ಗಾಳಿಗೆ ಕಬ್ಬಿಣಾನ ತುಕ್ಕು ಹಿಡೀತೈತಿ, ಎಲುಬು ಉಳೀತಾವೇನ್ರಿ ಅಕ್ಕಾರ?” ಎಂದಳು ತಮ್ಮನ ಹೆಂಡತಿ ಸುಮಲತಾ.

“ಕುಮಟಾ, ಕುಮಟಾ ಅಂತೀಯಲ್ಲ, ಆಕಿಗೊಂದು ಹೆಸರರ ಐತೋ ಇಲ್ಲೋ?” ಎಂದ ಸೋಮಶೇಖರ. “ನಾಳೆ ಹೊಸಪ್ಯಾಟಿ ಕರೆದ್ರ ಅಲ್ಲಿಗೂ ಹೊಕ್ಕೀಯೇನು? ಆ ಮೀನಿನ ನಾತದಾಗ ಲಿಂಗಪೂಜಿ ಹೆಂಗ ಮಾಡ್ಕೊಂತಿ?”

“ಮೂಗು ಕಟ್ಟಿದಾಕಿಗೆ ಯಾವ ನಾತಲೇ?”

ನಗಾಡಿ ಮುಗಿಸಿದಳು, ಆದರೆ ಒಳಗೆ ಉರಿಯುತ್ತಿತ್ತು. ಸುಮಲತಾಳ ಅಪ್ಪ ಹರಪನಹಳ್ಳಿಯವರು, ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮೂರು ವರ್ಷದಿಂದ ಚಳಿಗಾಲವಿಡೀ ಮಂಗಳೂರಿನಲ್ಲಿ ಇರುತ್ತಾರೆ. “ಮಾವನೋರು ಹವಾ ಬದಲಾವಣೆಗೆ ಹೋಗ್ಯಾರ” ಎಂದು ಸೋಮಶೇಖರ ಅಂಗಡಿಯಲ್ಲಿ ಕೂತು ಎದೆಯುಬ್ಬಿಸಿ ಹೇಳುತ್ತಾನೆ. ಅದೇ ಕಡಲು, ಅದೇ ಗಾಳಿ. ಗಂಡಸು ಹೋದರೆ ಹವಾ ಬದಲಾವಣೆ, ಗುರುಬಸಮ್ಮ ಹೋದರೆ ಮನೆ ಬಿಟ್ಟು ಹೋದಳು!

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಕಾರ್ಡು ಬಂತು. ಸೋಮಶೇಖರನ ಮಗಳು ಅರ್ಚನಾ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದತೊಡಗಿದಳು.

“ಕೊಟ್ಟೂರಿಗೆ ಕುಮಟಾದ ನಮಸ್ಕಾರ. ನಿಮಗೆ ಮರೆವಿನ ಕಾಯಿಲೆ ಬಂದಿದೆ, ಆಡಿದ ಮಾತು ನಿಮಗೇ ನೆನಪಿರುವುದಿಲ್ಲ, ಕೋಣೆ ಬೇರೆಯವರಿಗೆ ಕೊಡಿ ಎಂದು ನಿಮ್ಮ ತಮ್ಮ ಫೋನು ಮಾಡಿದ್ದರು...”

ಅಲ್ಲಿಗೆ ಹುಡುಗಿಯ ದನಿ ಇಳಿಯಿತು. “ಓದು,” ಎಂದಳು ಗುರುಬಸಮ್ಮ.

“ನಾನು ಎರಡು ಸಲ ಫೋನು ಮಾಡಿದೆ. ಮಲಗಿದ್ದಾರೆ ಎಂದರು. ಒಬ್ಬ ಮೇಷ್ಟ್ರು ಕೋಣೆ ಕೇಳುತ್ತಿದ್ದಾರೆ, ಸೋಮವಾರದವರೆಗೆ ತಡೆದಿದ್ದೇನೆ. ನಾನು ಯಾರೆಂದು ನೆನಪಿದ್ದರೆ ತಿಳಿಸಿ.”

ಅಡುಗೆಮನೆಯಲ್ಲಿ ಸುಮಲತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಸೋಮಶೇಖರ ಊಟಕ್ಕೆ ಬಂದಾಗ ಅಕ್ಕ ಅವನ ತಾಟಿನ ಪಕ್ಕ ಕಾರ್ಡು ಇಟ್ಟಳು. ಅವನು ಓದಿದ. ಕೈಯಲ್ಲಿದ್ದ ತುತ್ತು ಕೆಳಗಿಟ್ಟ.

“ಸುಳ್ಳು ಹೇಳಿದೆ, ಒಪ್ಕೊಂತೀನಿ. ಅಕ್ಕ ಬರಾಂಗಿಲ್ಲ ಅಂತ ಸೀದಾ ಹೇಳಿದ್ರ ಆಕಿ ಕೇಳಲಿಲ್ಲ. ಅವರೇ ಹೇಳಲಿ ಅಂದ್ಲು. ಅದಕ್ಕ ಹಂಗ ಹೇಳಬೇಕಾತು. ನಿನ್ನ ಒಳ್ಳೇದಕ್ಕ.”

“ನನಗ ಮರವು?” ಗುರುಬಸಮ್ಮನ ದನಿ ಏರಲಿಲ್ಲ. “ನಿನ್ನ ಅಂಗಡಿ ಮೊದಲ್ನೇ ನಂಬರ ಐವತ್ತೇಳು. ನಿಮ್ಮ ಮಾವನದು ಹರಪನಹಳ್ಳಿ ನೂರಾ ಹನ್ನೆರಡು. ಈ ಊರಾಗ ಯಾರು ಯಾರಿಗೆ ಏನೇನು ಸುಳ್ಳು ಹೇಳ್ಯಾರ, ಅದೂ ನೆನಪೈತಿ. ಇವತ್ತಿನತನ ಒಂದೂ ಬಾಯಿ ಬಿಟ್ಟಿಲ್ಲ. ಅಂಥಾಕೀಗೆ ತಲಿ ಕೆಟ್ಟೈತಿ ಅಂತ ಹೇಳಿದಿ. ಅದೂ ಫೋನಿನಾಗ!”

“ಅಕ್ಕಾ, ನಾಳೆ ಅರ್ಚನಾನ್ನ ನೋಡಾಕ ಹರಪನಹಳ್ಳಿಯಿಂದ ಗಂಡಿನ ಕಡೆಯವರು ಬರೋರದಾರ. ಸೋದರತ್ತಿ ಎಲ್ಲಿ ಅಂದ್ರ, ಒಬ್ಬಾಕೀನ ಸಮುದ್ರದ ದಂಡೀಗೆ ಹೋಗ್ಯಾಳ ಅನ್ಲೇನು? ಈಕಿ ಗತಿ ಏನು?”

“ಅಪ್ಪಾ, ನನ್ನ ಹೆಸರು ಎಳೀಬ್ಯಾಡ,” ಎಂದಳು ಅರ್ಚನಾ. ಅಷ್ಟೇ. ಆದರೆ ಅದನ್ನು ಅತ್ತೆಯ ಪಕ್ಕಕ್ಕೆ ಬಂದು ನಿಂತು ಹೇಳಿದಳು.

ಗುರುಬಸಮ್ಮ ಒಳಗೆ ಹೋಗಿ ಎರಡು ಸೀರೆ, ಪೂಜೆಯ ಚೀಲ, ದಮ್ಮಿಗೆ ಬಾಯಲ್ಲಿ ಎಳೆದುಕೊಳ್ಳುವ ಔಷಧಿ ಬ್ಯಾಗಿಗೆ ಹಾಕಿಕೊಂಡಳು. ಹೊರಬರುವಾಗ ಸೋಮಶೇಖರ ಎಡಗೈಯಿಂದ ಫೋನಿನ ಡಯಲಿನ ಪುಟ್ಟ ಬೀಗ ತೆಗೆಯುತ್ತಿದ್ದ. ದೂರದೂರಿಗೆ ಯಾರೂ ಫೋನು ಮಾಡಬಾರದೆಂದು ಅವನೇ ಹಾಕಿಸಿದ್ದ ಬೀಗ.

“ತಗೋ, ಆಕೀ ಕೂಡ ಎಷ್ಟು ಬೇಕೋ ಅಷ್ಟು ಮಾತಾಡು. ಹೋಗಾದು ಮಾತ್ರ ಬ್ಯಾಡ.”

ಮಾತಾಡಲೂ ಅಪ್ಪಣೆ! ಊರಿಗೆಲ್ಲ ಮಾತು ಜೋಡಿಸಿದವಳಿಗೆ! ಆಕೆ ಫೋನಿನ ಕಡೆ ನೋಡಲೇ ಇಲ್ಲ. ಕುಮಟಾದ ದಾರಿಗೆ ಹುಬ್ಬಳ್ಳಿ ಬಸ್ಸು ಎರಡು ಗಂಟೆಗೆ. ಚಪ್ಪಲಿ ಮೆಟ್ಟಿಕೊಂಡಳು.

“ನಿಲ್ಲಕ್ಕಾ. ಇಷ್ಟಕ್ಕೆಲ್ಲ ಇಷ್ಟು ಸಿಟ್ಟಾ?”

ಕಟ್ಟೆಯ ಮೇಲೆ ನಿಂತು ಆಕೆ ಉಸಿರು ಎಳೆದುಕೊಂಡಳು. ಮಾತಿಗೂ ನಡಿಗೆಗೂ ಸಾಲುವಷ್ಟು ಉಸಿರು ಆಕೆಯಲ್ಲಿರಲಿಲ್ಲ.

“ಕೋಣೆ ಹೋದ್ರ ಹೋಗ್ಲಿ ಅನ್ಬಹುದಿತ್ತು ಸೋಮೂ. ಇಪ್ಪತ್ತೆರಡು ವರ್ಷ ಆಕಿಗೆ ನಾ ಅಂದ್ರ ಬರೇ ದನಿ, ಆ ದನೀನ ನಂಬಬ್ಯಾಡ ಅಂತ ನೀ...” ಎನ್ನುತ್ತಲೇ ಕಟ್ಟೆಯಿಳಿದು, ಉಳಿದ ಉಸಿರನ್ನು ದಾರಿಗಿಟ್ಟುಕೊಂಡು, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.