ಪ್ರಸನ್ನನ ಕಿವಿಗೆ ಒಗ್ಗಿದ ಫ್ಯಾನು

ಅಜ್ಜಂಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೇರಿಗೆ ಹಾಲು ಹಾಕಲು ಹೊರಟವರ ಬೈಕುಗಳು ಒಂದೊಂದಾಗಿ ಬೀದಿಗಿಳಿಯುತ್ತಿವೆ. ರೈಲ್ವೆ ಸ್ಟೇಷನ್ ಕಡೆಯ ಒಂದು ಬಾಡಿಗೆ ಮನೆಯಲ್ಲಿ ನಯನ ಕಂಪ್ಯೂಟರಿನ ಸ್ವಿಚ್ ಒತ್ತುತ್ತಾರೆ. ಒತ್ತಿದವರು ಪರದೆಯ ಕಡೆ ನೋಡುವುದಿಲ್ಲ. ತಿರುಗಿ, ಗೋಡೆ ಪಕ್ಕದ ಮಂಚದಲ್ಲಿ ಮಲಗಿರುವ ಗಂಡನ ಮುಖ ನೋಡುತ್ತಾರೆ.

ಪ್ರಸನ್ನಕುಮಾರ್ ಕದಲುವುದಿಲ್ಲ. ಹುಬ್ಬು ಗಂಟಾಗುವುದಿಲ್ಲ, ಕೈ ಕಿವಿಯ ಕಡೆ ಹೋಗುವುದಿಲ್ಲ. ನಯನ ಕುರ್ಚಿ ಎಳೆದುಕೊಂಡು ಮೌಸ್ ಹಿಡಿಯುತ್ತಾರೆ.

ಪರದೆಯ ಮೇಲೆ ತರೀಕೆರೆಯ ಕಲ್ಯಾಣಮಂಟಪವೊಂದರ ಮದುವೆ. ಆಕಳಿಸುವ ಪುರೋಹಿತರು, ಪಂಚೆ ಸರಿಮಾಡಿಕೊಳ್ಳುವ ಮಾವ, ಊಟದ ಸಾಲಿನಲ್ಲಿ ಎಲೆಗಾಗಿ ಜಗಳ ತೆಗೆದ ನೆಂಟರು, ಎಲ್ಲರನ್ನೂ ನಯನ ಕತ್ತರಿಸಿ ಪಕ್ಕಕ್ಕೆ ಹಾಕುತ್ತಾರೆ. ಉಳಿದದ್ದನ್ನು ಜೋಡಿಸಿ ನಾದಸ್ವರ ಕೂಡಿಸುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟೋ ಮನೆಗಳಲ್ಲಿ ಜನ ಮತ್ತೆ ಮತ್ತೆ ನೋಡುವ ಮದುವೆ ಸಿನಿಮಾಗಳು ತಯಾರಾಗಿದ್ದು ಈ ಮನೆಯ ಹಾಲ್‌ನಲ್ಲಿ. ಕೊನೆಯಲ್ಲಿ ಹೊಳೆಯುವ ಅಕ್ಷರದಲ್ಲಿ ಸ್ಟುಡಿಯೋ ಹೆಸರು ಬರುತ್ತದೆ. ನಯನ ಅವರ ಹೆಸರು ಎಲ್ಲೂ ಇಲ್ಲ.

ಅವರು ಈ ಕೆಲಸ ಕಲಿತದ್ದು ಮದುವೆಗೆ ಮುಂಚೆ, ತರೀಕೆರೆಯಲ್ಲಿ ಆಲ್ಬಂ ಡಿಸೈನ್ ಮಾಡುವ ಅಂಗಡಿಯಲ್ಲಿ. ಮದುವೆಯಾದದ್ದು ಆ ಅಂಗಡಿಗೆ ಫೋಟೊ ತಂದುಕೊಡುತ್ತಿದ್ದ ಪ್ರಸನ್ನಕುಮಾರ್ ಅವರನ್ನೇ. ಪ್ರಸನ್ನ ಕಡೂರಿನ ಷಡಕ್ಷರಿ ಎಂಬುವವರ ಸ್ಟುಡಿಯೋದಲ್ಲಿ ಕ್ಯಾಮೆರಾಮನ್. ಒಂದು ಮದುವೆಯಲ್ಲಿ ಮಾಂಗಲ್ಯಧಾರಣೆಯನ್ನು ಮೇಲಿನಿಂದ ತೆಗೆಯಬೇಕೆಂದು ಸ್ಟೀಲ್ ಏಣಿ ಹತ್ತಿದರು. ಯಾರೋ ಏಣಿಗೆ ತಾಗಿದರು. ಸ್ಟೇಜಿನ ಅಂಚಿಗೆ ತಲೆ ಬಡಿಯಿತು. ಶಿವಮೊಗ್ಗದ ಆಸ್ಪತ್ರೆಯಿಂದ ಜೀವಂತ ಮನೆಗೆ ಬಂದರು ಅನ್ನುವುದೊಂದೇ ಸಮಾಧಾನ. ಮಾತು ಅರ್ಧಕ್ಕೆ ನಿಂತಿತು. ಆಗಾಗ ಫಿಟ್ಸ್ ಬರುತ್ತದೆ. ಜೊತೆಗೆ ಇನ್ನೊಂದು ಕಾಟ: ಸಣ್ಣ, ಚೂಪಾದ ಸದ್ದು ಕಿವಿಗೆ ಬಿದ್ದರೆ ಸೂಜಿ ಚುಚ್ಚಿದಂತೆ ಒದ್ದಾಡುತ್ತಾರೆ. ತಲೆಗೆ ಪೆಟ್ಟು ಬಿದ್ದ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು.

ಪರಿಹಾರ ಕೇಳಲು ಹೋದಾಗ ಷಡಕ್ಷರಿ ಹೇಳಿದ ಮಾತು ನಯನ ಅವರಿಗೆ ಬಾಯಿಪಾಠ. "'ನೋಡಮ್ಮ, ಅವ್ನು ಕರೆದಾಗ ಬರೋನು, ನಮ್ಮ ಸ್ಟಾಫ್ ಅಲ್ಲ' ಅಂದ್ರು. ಆಮೇಲೆ ನಾಕು ಜನದ ಮುಂದೆ ಸ್ಟುಡಿಯೋದ ಹಳೇ ಕಂಪ್ಯೂಟರ್ ಕೊಟ್ರು. 'ಮನೇಲೇ ಎಡಿಟಿಂಗ್ ಮಾಡ್ಕೊ, ಇದು ನಿಂದೇ ಅನ್ಕೊ' ಅಂದ್ರು. ನಾನು ಅನ್ಕೊಂಡೆ ಕಣ್ರೀ. ಅನ್ಕೊಂಡಿದ್ದೇ ತಪ್ಪಾಯ್ತು."

ಮೊದಲು ಬಂದ ಕೆಲಸ ಯಾವುದೆಂದರೆ, ಅದೇ ಮದುವೆ. ಇನ್ನೊಂದು ಕ್ಯಾಮೆರಾದಲ್ಲಿ ಪ್ರಸನ್ನ ಬೀಳುವುದು ಪೂರ್ತಿ ಸೆರೆಯಾಗಿತ್ತು. ಶುಭಕಾರ್ಯದಲ್ಲಿ ಅಪಶಕುನ ಬೇಡ, ಅದನ್ನು ತೆಗೆದುಬಿಡು ಎಂದು ಸ್ಟುಡಿಯೋದಿಂದ ಫೋನ್ ಬಂತು. "ತೆಗೆದೆ. ಎಲ್ಲಿಂದ ಎಲ್ಲಿವರೆಗೆ ಕತ್ತರಿಸ್ಬೇಕು ಅಂತ ಗೊತ್ತಾಗ್ಬೇಕಲ್ಲ ಸಾರ್, ಅದಕ್ಕೇ ಮತ್ತೆ ಮತ್ತೆ ನೋಡ್ಬೇಕಾಯ್ತು," ಎನ್ನುತ್ತಾರೆ ನಯನ.

ಅನ್ನ ಕೊಡುವ ಯಂತ್ರವೇ ಗಂಡನಿಗೆ ಶತ್ರುವಾಯಿತು. ವಿಡಿಯೊ ಕೆಲಸದ ಭಾರ ಹೊರುವ ಗ್ರಾಫಿಕ್ಸ್ ಕಾರ್ಡು ಕಾದಾಗ ಅದರ ಪುಟ್ಟ ಫ್ಯಾನು ಶಿಳ್ಳೆ ಹೊಡೆದಂತೆ ಕಿರುಚುತ್ತಿತ್ತು. ಪ್ರಸನ್ನ ಕಿವಿ ಮುಚ್ಚಿಕೊಂಡು ಅಳುತ್ತಿದ್ದರು. ಹತ್ತಿ ಇಟ್ಟರೆ ಕಿತ್ತೆಸೆಯುತ್ತಿದ್ದರು. ಇರುವುದು ಒಂದು ಹಾಲ್, ಒಂದು ಅಡುಗೆಮನೆ. ಫಿಟ್ಸ್ ಬರುವವರನ್ನು ಕಣ್ಣಳತೆಯಿಂದ ಆಚೆ ಬಿಡುವಂತಿಲ್ಲ. ಅತ್ತೆ ಶಂಕರಮ್ಮ ಒಂದು ದಿನ ಪ್ಲಗ್ಗನ್ನೇ ಕಿತ್ತರು. "ಲೇ ನಯನ, ನನ್ ಮಗನ್ನ ಕೊಂದು ಅನ್ನ ತಿನ್ಬೇಕೇನೇ?" ಎಂದರು. ನಯನ ಕಂಪ್ಯೂಟರಿನ ಡಬ್ಬದ ಸುತ್ತ ಹಳೆ ಕೌದಿ ಸುತ್ತಿದರು. ಸದ್ದೇನೋ ತಗ್ಗಿತು. ಕಾರ್ಡು ಕಾದು ಯಂತ್ರವೇ ಆಫ್ ಆಗಿ, ಮುಗಿಯಲು ಬಂದಿದ್ದ ಒಂದು ಮದುವೆಯ ವಿಡಿಯೊ ಹಾಳಾಯಿತು. ನಯನ ಸ್ಟುಡಿಯೋದವರಿಂದ ಬೈಗುಳ ತಿಂದರು.

ಆಗ ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ತಿಪ್ಪೇಶ ಒಂದು ದಾರಿ ಹೇಳಿದರು. ಕಾರ್ಡಿನ ಜೊತೆ ಬಂದ ಫ್ಯಾನು ತೆಗೆದು, ಕಾರ್ಡನ್ನು ತಣ್ಣಗಿಡುವ, ಸದ್ದು ಮಾಡದ ಬೇರೆ ಕೂಲರ್ ಹಾಕಬಹುದು. ಆದರೆ ಯಾವುದು? ಎಲ್ಲ ಕೂಲರುಗಳ ಪ್ಯಾಕೆಟ್ ಮೇಲೂ 'ಸೈಲೆಂಟ್' ಎಂದೇ ಬರೆದಿರುತ್ತದೆ.

ನಯನ ತಮ್ಮದೇ ಉಪಾಯ ಮಾಡಿದರು. ರಿಪೇರಿಗೆ ಬಂದ ಯಂತ್ರಗಳನ್ನು ತಿಪ್ಪೇಶರಿಂದ ಆನ್ ಮಾಡಿಸಿ, ಫೋನಿನಲ್ಲಿ ಸದ್ದು ಹಿಡಿದುಕೊಂಡು ಬಂದರು. ಮನೆಯಲ್ಲಿ ಗಂಡನ ದಿಂಬಿನ ಪಕ್ಕ ಕೂತು ಒಂದೊಂದನ್ನೇ ಮೆಲ್ಲಗೆ ಕೇಳಿಸಿದರು. ಸಣ್ಣ ಫ್ಯಾನುಗಳಿಗೆ ಪ್ರಸನ್ನ ಮುಖ ತಿರುಗಿಸಿದರು. ನೀರು ಹರಿಸಿ ತಣ್ಣಗಿಡುವ ಕೂಲರಿನ ಪಂಪು ಟಿಕ್ ಟಿಕ್ ಎಂದಾಗ ಫೋನನ್ನೇ ತಳ್ಳಿದರು. ಅಂಗೈಯಗಲದ ದೊಡ್ಡ ಫ್ಯಾನು ನಿಧಾನಕ್ಕೆ ತಿರುಗುವ ಸದ್ದು ಹಾಕಿದಾಗ?

"ಏನೂ ಮಾಡ್ಲಿಲ್ಲ ಸಾರ್. ಸುಮ್ನಿದ್ರು. ಇನ್ನೊಂದ್ಸಲ ಹಾಕ್ದೆ, ಆಗ್ಲೂ ಸುಮ್ನಿದ್ರು. ಅಷ್ಟೇ ಬೇಕಿತ್ತು ನಂಗೆ."

ಫ್ಯಾನೇ ಇಲ್ಲದ, ಬರೀ ಲೋಹದ ರೆಕ್ಕೆಗಳ ಕೂಲರೂ ಸಿಗುತ್ತದೆ. ಇಡೀ ದಿನದ ಎಡಿಟಿಂಗಿಗೆ, ಅದರಲ್ಲೂ ಈ ಕಡೆಯ ಬೇಸಿಗೆಗೆ, ಅದು ತಡೆಯುವುದಿಲ್ಲ ಎಂದು ತಿಪ್ಪೇಶ ಬೇಡವೆಂದರು. ನಯನ ಕೂಡಿಟ್ಟ ದುಡ್ಡಲ್ಲಿ ಎರಡು ದೊಡ್ಡ ಫ್ಯಾನಿನ ಕೂಲರ್ ತರಿಸಿದ್ದಾಯಿತು. ಕಾರ್ಡಿನ ಸ್ಕ್ರೂ ತೂತುಗಳಿಗೂ ಅದಕ್ಕೂ ಹೊಂದಲಿಲ್ಲ. ವಾಪಸ್ ಕಳಿಸಿ ಇನ್ನೊಂದು ತರಿಸಿದರು. ಅದು ಕೂತಿತು, ಡಬ್ಬದ ಮುಚ್ಚಳ ಹಾಕಲಾಗಲಿಲ್ಲ. ತಿಪ್ಪೇಶ ಮುಚ್ಚಳವನ್ನೇ ಕತ್ತರಿಸಿ, ಭಾರಕ್ಕೆ ಕಾರ್ಡು ಬಾಗದಂತೆ ಕೆಳಗೊಂದು ಮರದ ತುಂಡು ಕೊಟ್ಟರು. "ಜನ ಕಂಪ್ನಿ ಹೆಸ್ರು ನೋಡಿ ತಗೋತಾರೆ. ಗಂಡನ ಮುಖ ನೋಡಿ ತಗೊಂಡಿದ್ದು ಈ ಅಕ್ಕ ಒಬ್ರೇ," ಎನ್ನುತ್ತಾರೆ ತಿಪ್ಪೇಶ.

ಅವತ್ತು ಯಂತ್ರ ಓಡುತ್ತಿರುವಾಗಲೇ ಪ್ರಸನ್ನ ನಿದ್ದೆ ಹೋದರು. ಕೆಲವು ವಾರಗಳಲ್ಲಿ ಎದ್ದು ಬಂದು ಹೆಂಡತಿಯ ಪಕ್ಕ ಕೂರತೊಡಗಿದರು. ಕ್ಯಾಮೆರಾ ಅಲುಗಿದ ಕಡೆ ಬೆರಳು ತೋರಿಸಿ "ಬೇಡ" ಎನ್ನುತ್ತಿದ್ದರು. ಬಿದ್ದ ಮೇಲೆ ಅವರು ಸ್ಪಷ್ಟವಾಗಿ ಆಡಿದ ಮೊದಲ ಮಾತು ಅದೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಒಂದು ದಿನ ವಿಡಿಯೊ ಒಯ್ಯಲು ಬಂದ ಷಡಕ್ಷರಿ ಕೇಳಿದರು:

"ಏನಮ್ಮ, ಮಿಷಿನ್ ಆಫ್ ಆಗಿದ್ಯಾ?"

"ಓಡ್ತಾ ಐತೆ ಅಣ್ಣ."

ಷಡಕ್ಷರಿ ಬಗ್ಗಿ ಡಬ್ಬಕ್ಕೆ ಕಿವಿ ಕೊಟ್ಟರು. ವಿಡಿಯೊ ತೆಗೆದುಕೊಂಡು ಹೋದರು. ಮುಂದಿನ ವಾರ ಸ್ಟುಡಿಯೋದ ಓಮ್ನಿ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಕಡೂರಿನಲ್ಲಿ ಧ್ವನಿ ರೆಕಾರ್ಡಿಂಗ್ ಶುರುಮಾಡುತ್ತಿದ್ದೇವೆ, ಸದ್ದಿಲ್ಲದ ಮಿಷಿನ್ ಬೇಕು, ಕೊಟ್ಟುಬಿಡಿ ಎಂದರು ಬಂದವರು. ನಯನ ಫೋನ್ ಮಾಡಿದರು. ಷಡಕ್ಷರಿ ಎತ್ತಲಿಲ್ಲ.

"ಜಗಳ ಆಡ್ಬೋದಿತ್ತು. ಕೂಗಾಡಿದ್ರೆ ಇವ್ರಿಗೆ ಫಿಟ್ಸ್ ಬರೋದು. ಅದಕ್ಕೇ ಸ್ಕ್ರೂಡ್ರೈವರ್ ತಗೊಂಡೆ. ನನ್ ಕೂಲರ್ ಬಿಚ್ಚಿಟ್ಕೊಂಡು, ಅವ್ರ ಹಳೇ ಫ್ಯಾನು ಹಾಕಿ ಕೊಟ್ಟೆ. 'ಮಿಷಿನ್ ನಿಮ್ದು, ತಗೊಂಡೋಗಿ. ಇದು ನಂದು' ಅಂದೆ."

ಆಮೇಲೆ ಆ ಸ್ಟುಡಿಯೋದಿಂದ ಕೆಲಸ ಬರಲಿಲ್ಲ. ನಯನ ಊರಿನ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿ ಸೇರಿದರು. ಅವರು ಅಂಗಡಿಯಲ್ಲಿದ್ದ ಒಂದು ಮಧ್ಯಾಹ್ನ, ಶಂಕರಮ್ಮ ನೀರು ಹಿಡಿಯಲು ಬೀದಿಗೆ ಹೋಗಿದ್ದಾಗ, ಪ್ರಸನ್ನ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಉರಿಯುವ ಒಲೆಯ ಮೇಲೆ ಬಿದ್ದರು. ಕ್ಯಾಮೆರಾ ಹಿಡಿಯುತ್ತಿದ್ದ ಬಲಗೈ ಸುಟ್ಟಿತು. ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ. "ಆ ಮಿಷಿನ್ ಇದ್ದಿದ್ರೆ ಇವ್ಳು ಮನೇಲೇ ಇರ್ತಿದ್ಲು," ಎನ್ನುತ್ತಾರೆ ಶಂಕರಮ್ಮ.

ಸಾಮಾನ್ಯವಾಗಿ ಕಾರ್ಡಿಗೆ ತಕ್ಕ ಕೂಲರ್ ಹುಡುಕುತ್ತಾರೆ. ತಿಪ್ಪೇಶ ಕೂಲರಿಗೆ ತಕ್ಕ ಕಾರ್ಡು ಹುಡುಕಿದರು. ಬಾಗಿಲು ಮುಚ್ಚಿದ ಒಂದು ಗೇಮಿಂಗ್ ಸೆಂಟರಿನಿಂದ ಅಂಥದೇ ಹಳೆಯ ಕಾರ್ಡು ಸಿಕ್ಕಿತು. ಅಲ್ಲೊಂದು ಇಲ್ಲೊಂದು ಭಾಗ ಕೂಡಿಸಿ ಯಂತ್ರ ಕಟ್ಟಿದರು. ಈಗ ತರೀಕೆರೆ, ಶಿವನಿಯ ಸಣ್ಣ ಸ್ಟುಡಿಯೋಗಳು ಕೆಲಸ ಕೊಡುತ್ತವೆ. ಅಲ್ಲೂ ಕೊನೆಗೆ ಬರುವುದು ಸ್ಟುಡಿಯೋ ಹೆಸರೇ. ಪ್ರಸನ್ನ ಮತ್ತೆ ಪಕ್ಕ ಬಂದು ಕೂರುತ್ತಾರೆ. ಆದರೆ ಬೆರಳು ತೋರಿಸುವುದಿಲ್ಲ. "ಬೇಡ" ಎನ್ನುವುದನ್ನೂ ಬಿಟ್ಟಿದ್ದಾರೆ.

ಹೋದ ತಿಂಗಳು ಕಡೂರಿನ ಸ್ಟುಡಿಯೋದಿಂದ ಒಂದು ಫೋನ್ ಬಂತಂತೆ. ಮಾತಾಡಿದ್ದು ಷಡಕ್ಷರಿಯಲ್ಲ, ಅಲ್ಲಿ ಹೊಸದಾಗಿ ಎಡಿಟಿಂಗಿಗೆ ಸೇರಿದ ಹುಡುಗಿ. ನಿಮ್ಮನೆಯಿಂದ ಬಂದ ಮಿಷಿನ್ನಿನ ಫ್ಯಾನಿನ ಕಿರುಚಾಟಕ್ಕೆ ತಲೆ ಸಿಡಿಯುತ್ತದೆ, ನೀವು ಹಾಕಿದ್ದ ಕೂಲರ್ ಯಾವುದು ಅಕ್ಕಾ ಎಂದು ಕೇಳಿದಳಂತೆ.

ಹೇಳಿದಿರಾ ಎಂದು ಕೇಳುತ್ತೇನೆ. ನಯನ ಮೌಸಿನಿಂದ ಕೈ ತೆಗೆಯುವುದಿಲ್ಲ.

"ಹೇಳ್ದೆ. ಹೆಸ್ರು, ಸ್ಕ್ರೂ ಅಳತೆ, ಕಾರ್ಡಿನ ಕೆಳಗೆ ಮರದ ತುಂಡು ಎಲ್ಲಿ ಕೊಡ್ಬೇಕು, ಎಲ್ಲಾನೂ ಹೇಳ್ದೆ. ಷಡಕ್ಷರಿಯಣ್ಣಂಗಲ್ಲ ಸಾರ್, ಆ ಹುಡುಗಿಗೆ. ದಿನಾ ಅದ್ರ ಮುಂದೆ ಕೂರೋಳು ಅವ್ಳಲ್ವಾ?"