ಎಮ್ಮೆಯಿಲ್ಲದ ಮನೆಯ ತಿಪ್ಪೆ

ನಮ್ಮ ಅತ್ತೆಯವರ ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ರಾಡಿ ಕೂತಿರುತ್ತಿತ್ತು. ಬೂದಿ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ಕೈಯಿಂದ ಅವರು ರೊಟ್ಟಿ ತಟ್ಟುವಾಗ ನಾನು ಗೋಡೆಯ ಕಡೆ ಮುಖ ತಿರುಗಿಸಿ ಕೂಡುತ್ತಿದ್ದೆ. ಮಕ್ಕಳೇ, ಅವರು ನಿಮ್ಮ ಅಜ್ಜನ ತಾಯಿ. ನೀವ್ಯಾರೂ ಅವರನ್ನು ನೋಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ದೊಡ್ಡ ಯುದ್ಧ ನಡೆದಿತ್ತು, ಹಳಿಯಾಳದ ಸಂತೆಯಲ್ಲಿ ಎಲ್ಲವೂ ತುಟ್ಟಿ. ನಮ್ಮ ಹಳ್ಳಿಯಲ್ಲಿ ಎಲ್ಲರ ಮನೆಯ ಮುಸುರೆ ಎಮ್ಮೆಗೆ, ಎಮ್ಮೆಯ ಸಗಣಿ ತಿಪ್ಪೆಗೆ. ನಮಗೆ ಎಮ್ಮೆಯೇ ಇರಲಿಲ್ಲ. ಆದರೂ ಅತ್ತೆ ಅಡಿಗೆಮನೆಯ ಹಿಂಬಾಗಿಲ ಬಳಿಯೇ ಒಂದು ತಗ್ಗು ತೋಡಿದ್ದರು. ಬದನೆಕಾಯಿ ತೊಟ್ಟು, ಹಳಸಿದ ಅನ್ನ, ಹುಳಿ ಹಿಡಿದ ಗಂಜಿ, ಒಲೆಯ ಬೂದಿ, ಎಲ್ಲ ಅದರೊಳಗೆ. ಮೇಲೊಂದು ಬುಟ್ಟಿ ಮಣ್ಣು. ಆಮೇಲೆ ಮೊಣಕೈ ತನಕ ಕೈ ಇಳಿಸಿ ತಿರುವುವುದು. ಬಿಳಿ ಹುಳ ತೋಳಿನ ಮೇಲೆ ಹರಿದಾಡಿದರೆ ಇರುವೆ ಕೊಡವಿದಂತೆ ಕೊಡವುತ್ತಿದ್ದರು. ಆ ಗೊಬ್ಬರದಿಂದಲೇ ಹಿತ್ತಲಲ್ಲಿ ಹೀರೆ, ಬೆಂಡೆ, ಹರಿವೆ. ಕಾಯಿಪಲ್ಯ ಕೊಂಡದ್ದೇ ಇಲ್ಲ.

ಪಕ್ಕದ ಮನೆಯಾಕೆ ಕೆಣಕುವಳು: "ಎಮ್ಮಿ ಇಲ್ದ ಮನಿಗೆ ತಿಪ್ಪಿ ಯಾಕ ಬೇಕ ಯಕ್ಕಾ?"

"ನಿನ್ನ ಎಮ್ಮಿ ಹಿಂಡಿ ಕೇಳತೈತಿ, ಒದೀತೈತಿ. ನಂದು ಹಾಕಿದ್ದ ತಿಂದು ಸುಮ್ನ ಕುಂದರತೈತಿ."

ಸುಮ್ಮನೆ ಎಲ್ಲಿ ಕೂತಿತ್ತು? ನಾರುತ್ತಿತ್ತು. ಮಳೆಗಾಲದಲ್ಲಿ ಆ ನಾತ ಅನ್ನದ ಗಡಿಗೆಯನ್ನೂ ಹೊಗುತ್ತಿತ್ತು. ನಾನು ಮೂಗು ಮುಚ್ಚಿದ್ದನ್ನು ಕಂಡು ಒಮ್ಮೆ ಅಂದರು, "ಮೂಗ ಮುಚ್ಚಿದ್ರ ಅಡ್ಡಿ ಇಲ್ಲ ತಂಗಿ, ಕೈ ಹಿಂದ ಸರೀಬಾರ್ದು." ನನ್ನ ಕೈ ಮುಂದೆ ಹೋಗಲೇ ಇಲ್ಲ.

ನಿಮ್ಮ ಅಪ್ಪ ಹೊಟ್ಟೆಯಲ್ಲಿದ್ದಾಗ ತುತ್ತು ಬಾಯಿಗೆ ಒಯ್ದರೆ ಸಾಕು, ಆ ನಾತ ಬಡಿದು ಎಲ್ಲ ಹೊರಗೆ ಬರುತ್ತಿತ್ತು. ಕಡ್ಡಿಯಾದೆ. ಹೀಗೇ ಆದರೆ ಕೂಸು ದಕ್ಕುವುದಿಲ್ಲ ಎಂದಳು ಸೂಲಗಿತ್ತಿ. ಸುದ್ದಿ ಕೇಳಿ ತವರಿನಿಂದ ಅವ್ವ ಬಂದಳು.

"ಏನಾಗೇತಿ, ಬಾಯಿ ಬಿಡ" ಅಂದಳು.

ಅತ್ತೆಯವರ ಮುಂದೆ ಅವರ ತಿಪ್ಪೆ ಹೇಸಿಗೆ ಎಂದು ಹೇಗೆ ಹೇಳಲಿ? ಅಷ್ಟರಲ್ಲಿ ಹಿಂಬಾಗಿಲಿನಿಂದ ಗಾಳಿ ಬೀಸಿತು. ಕೈ ತಾನಾಗಿ ಸೆರಗನ್ನು ಮೂಗಿಗೆ ಒಯ್ದಿತು. ಅತ್ತೆ ನೋಡಿದರು.

ಮರುದಿನ ಸುರಿವ ಮಳೆಯಲ್ಲಿ ಅವರು ಆ ತಗ್ಗನ್ನು ಬರಿದು ಮಾಡುತ್ತಿದ್ದರು. ಕೊಳೆತದ್ದನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು, ಹಿತ್ತಲ ತುದಿಯ ಹುಣಸೆಮರದ ಬುಡಕ್ಕೆ. ಬುಟ್ಟಿಯಿಂದ ಕರಿ ರಸ ಸೋರಿ, ಹಣೆಯ ವಿಭೂತಿಯನ್ನು ಕಲೆಸಿ, ತುಟಿಯ ತನಕ ಇಳಿದಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನೋಡಿದ ನನಗೆ ಮತ್ತೆ ವಾಂತಿ.

"ಬಿಡ್ರಿ ಬೀಗತ್ಯಾರ, ಹೆರಿಗಿ ಆಗೂತನಕ ನಾನ ಕರಕೊಂಡ ಹೋಗ್ತೇನಿ" ಅಂದಳು ಅವ್ವ.

"ಹೋಗ್ರಿ. ಆದ್ರ ಆಮ್ಯಾಲೆ ಕೂಸು ಇಲ್ಲೇ ಬಂದು ಉಸರಾಡಬೇಕಲ್ರೀ?" ಅಂದವರೇ ಮತ್ತೊಂದು ಬುಟ್ಟಿ ಹೊತ್ತರು.

ಖಾಲಿ ತಗ್ಗಿಗೆ ಬೂದಿ, ಮಣ್ಣು ತುಂಬಿ ತುಳಿದರು. ಆ ವಾರವೇ ಗಂಜಿ ನನ್ನ ಹೊಟ್ಟೆಯಲ್ಲಿ ನಿಂತಿತು. ಅವ್ವ ಒಬ್ಬಳೇ ಊರಿಗೆ ಹೋದಳು.

ದೀಪಾವಳಿಗೆ ನಮ್ಮ ಕಡೆ ತಿಪ್ಪೆಯ ಮೇಲೂ ದೀಪ ಇಡುತ್ತಾರೆ. ಮನೆಯ ಹಿರಿಯ ಹೆಂಗಸು ಇಡಬೇಕು. ಅತ್ತೆ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಹುಣಸೆಮರದ ಕೆಳಗೆ ಅದೇ ಹುಳ, ಅದೇ ನಾತ. ನನಗೆ ಇಂದಿಗೂ ಅದು ಹೇಸಿಗೆಯೇ, ಸುಳ್ಳು ಹೇಳಲಾರೆ. ಒಂದು ಕೈಯಿಂದ ಮೂಗು ಮುಚ್ಚಿಕೊಂಡೆ. ದೀಪ ಇಡಲು ಇನ್ನೊಂದು ಕೈ ಇತ್ತು.